‘ಸಿದ್ಧವಾಗಿದೆ’ ಎನ್ನುವ ಹೊಣೆ

ಮೈಸೂರನ್ನು ಅರಮನೆ, ದಸರಾ, ಮಲ್ಲಿಗೆಗಳ ಊರೆಂದು ಬಣ್ಣಿಸಿ ನಾವು ಬರಹಗಾರರು ಸಾಕಷ್ಟು ಪುಟ ತುಂಬಿಸಿದ್ದೇವೆ. ಇಲ್ಲಿಯ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ನಮ್ಮ ಗಮನ ಹರಿದದ್ದು ಕಡಿಮೆ. 2007ರಲ್ಲಿ ಆರಂಭವಾದ ಸ್ಕ್ಯಾನ್‌ರೇ ಟೆಕ್ನಾಲಜೀಸ್ ಎಂಬ ವೈದ್ಯಕೀಯ ಉಪಕರಣಗಳ ಕಂಪನಿ ಇರುವುದು ಅಲ್ಲಿ. 2020ರಲ್ಲಿ ಕೊರೊನಾ ಹರಡಿ ವೆಂಟಿಲೇಟರ್‌ಗಳ ಅಭಾವ ತಲೆದೋರಿದಾಗ ಕೇಂದ್ರ ಸರಕಾರವು 30,000 ಯಂತ್ರಗಳನ್ನು ಪೂರೈಸುವಂತೆ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಹೇಳಿತು. ಅದು ರಡಾರ್ ಮಾಡುವ ಸಂಸ್ಥೆ. ವೆಂಟಿಲೇಟರಿನ ವಿನ್ಯಾಸ ಹೋದದ್ದು ಮೈಸೂರಿನ ಈ ಕಂಪನಿಯಿಂದ. ಅದನ್ನು ಉತ್ತಮಪಡಿಸಲು ಡಿಆರ್‌ಡಿಒ ವಿಜ್ಞಾನಿಗಳು ಕೈಜೋಡಿಸಿದರು. ವಿದೇಶದಿಂದ ಬರುತ್ತಿದ್ದ ವಾಲ್ವ್, ಸೆನ್ಸರ್‌ಗಳು ಸಿಗದಾದಾಗ ಅಂಥವನ್ನೂ ದೇಶದೊಳಗೇ ರೂಪಿಸಬೇಕಾಯಿತು. ಎಲ್ಲವೂ ಕೆಲವೇ ತಿಂಗಳುಗಳಲ್ಲಿ ನಡೆಯಿತು.

ಇದನ್ನು ಹೆಮ್ಮೆಯ ಸುದ್ದಿಯಾಗಿ ನಾವೆಲ್ಲ ಓದಿದೆವು. ಹೆಮ್ಮೆಪಡಲಿಕ್ಕೆ ಕಾರಣವೂ ಇದೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಂಥ ಸಂಶೋಧನಾ ಯೋಜನೆಯ ಮುಖ್ಯಸ್ಥನು ಯಾವ ಧೈರ್ಯದಿಂದ ‘ಯಂತ್ರ ಸಿದ್ಧವಾಗಿದೆ’ ಎನ್ನಬೇಕು?

ವೆಂಟಿಲೇಟರ್ ಬರೇ ಗಾಳಿ ಊದುವ ಪಂಪು ಅಲ್ಲ. ರೋಗ ತೀವ್ರವಾದ ಶ್ವಾಸಕೋಶಕ್ಕೆ ಒಂದು ಉಸಿರಿಗೆ ಕೊಡಬೇಕಾದ ಗಾಳಿ, ಎತ್ತರಕ್ಕೆ ತಕ್ಕ ದೇಹತೂಕದ ಪ್ರತಿ ಕಿಲೋಗೆ ಸುಮಾರು 6 ಮಿಲಿಲೀಟರ್. ಅದರ ಎರಡರಷ್ಟು ಕೊಟ್ಟಾಗ ಸಾವು ಹೆಚ್ಚುತ್ತದೆಂದು 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿಕೊಟ್ಟಿತು. ಜೀವ ಉಳಿಸುವ ಗಾಳಿಯೇ ಜೀವ ತೆಗೆಯಬಲ್ಲದು. ಹಾಗಿರುವಾಗ ಸೆನ್ಸರನ್ನು ಇನ್ನೊಂದು ವಾರ ಪರೀಕ್ಷಿಸಬೇಕು ಎನ್ನುವ ಎಂಜಿನಿಯರ್ ಸೋಮಾರಿಯಲ್ಲ. ಆ ವಾರದಲ್ಲಿ ಉಸಿರುಕಟ್ಟಿ ಸಾಯುವವರ ಲೆಕ್ಕ ಹೇಳುವ ವೈದ್ಯನೂ ನಿರ್ದಯಿಯಲ್ಲ. ಒಂದು ಕಡೆ ಲೋಭ, ಇನ್ನೊಂದು ಕಡೆ ಧರ್ಮ ನಿಂತಿದ್ದರೆ ತೀರ್ಪು ಎಷ್ಟು ಸುಲಭವಿತ್ತು!

1986ರ ಜನವರಿ 27ರ ರಾತ್ರಿ ಅಮೆರಿಕದಲ್ಲೊಂದು ಕಂಪನಿಯ ಮುಂದೆ ಇದೇ ಪ್ರಶ್ನೆ ಬಂದಿತ್ತು. ಚಾಲೆಂಜರ್ ನೌಕೆಗೆ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಿಯೋಕಾಲ್‌ನ ಎಂಜಿನಿಯರುಗಳು, ಚಳಿಗೆ ರಬ್ಬರಿನ ಉಂಗುರಗಳು ಗಡುಸಾಗುತ್ತವೆ, ನಾಳೆ ಹಾರಿಸುವುದು ಬೇಡ ಎಂದರು. ಅವರನ್ನು ಬದಿಗಿಟ್ಟು ಮ್ಯಾನೇಜರರು ಒಪ್ಪಿಗೆ ಕೊಟ್ಟರು. ಹಾರಿದ 73 ಸೆಕೆಂಡಿಗೆ ನೌಕೆ ಒಡೆಯಿತು. ಏಳು ಜನ ಸತ್ತರು. ಅಲ್ಲಿ ಹಾರಾಟ ಮುಂದೂಡಿದ್ದರೆ ಯಾರೂ ಸಾಯುತ್ತಿರಲಿಲ್ಲ; ವಾರ್ಡಿನ ರೋಗಿಗೆ ಮುಂದೂಡುವುದೇ ಸಾವು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಆ ರಾತ್ರಿ ನಡೆದ ಒಂದು ಅದಲುಬದಲನ್ನು ಗಮನಿಸಬೇಕು. ‘ಸುರಕ್ಷಿತ’ ಎಂದು ತೋರಿಸಬೇಕಾಗಿದ್ದವರು ಸುಮ್ಮನಾದರು; ‘ಸುರಕ್ಷಿತವಲ್ಲ’ ಎಂದು ಸಾಬೀತುಪಡಿಸುವ ಹೊರೆ ಎಚ್ಚರಿಸಿದವರ ಮೇಲೆ ಬಿತ್ತು. ದಿನಾಂಕದ ಒತ್ತಡವಿರುವ ಯಾವ ಕಂಪನಿಯಲ್ಲೂ ಸದ್ದಿಲ್ಲದೆ ಹೀಗಾಗಬಹುದು.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ನಮ್ಮ ಸರಕಾರಿ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಮನೆಗೆ ಕಳಿಸುವುದು! ಜಾಮೀನಿಗೆ ಅಷ್ಟು ದುರ್ಗತಿ ಬರಲಿಲ್ಲ. ಅದರ ಮೂಲವಾದ ಅರಬಿ ಪದಕ್ಕೆ ಹೊಣೆಗಾರ ಎಂದರ್ಥ. ವೈದ್ಯ ಗೊತ್ತಿಲ್ಲದವನು ಚಿಕಿತ್ಸೆಗಿಳಿದು ಹಾನಿ ಮಾಡಿದರೆ ನಷ್ಟಕ್ಕೆ ಅವನೇ ಜಾಮೀನುದಾರ ಎಂಬುದು ಇಸ್ಲಾಮೀ ಧರ್ಮಶಾಸ್ತ್ರಜ್ಞರು ಒಪ್ಪಿಕೊಂಡು ಬಂದ ನಿಯಮ. ಅಲ್ಲಿ ಹಾನಿ ಮಾಡಿದವನು ಒಬ್ಬ, ಅವನ ಮುಖ ಕಾಣುತ್ತದೆ. ವೆಂಟಿಲೇಟರ್‌ನಲ್ಲಿ ವಾಲ್ವ್ ಮಾಡಿದವನೊಬ್ಬ, ಸಾಫ್ಟ್‌ವೇರ್ ಬರೆದವನಿನ್ನೊಬ್ಬ, ಬಿಡಿಭಾಗ ಖರೀದಿಸಿದವನು ಮತ್ತೊಬ್ಬ. ಪ್ರತಿಯೊಬ್ಬನೂ ತನ್ನ ಪಾಲನ್ನು ಸರಿಯಾಗಿ ಮಾಡಿರುತ್ತಾನೆ. ಇಡೀ ಯಂತ್ರಕ್ಕೆ ಜಾಮೀನು ನಿಲ್ಲಬಲ್ಲವನು ಯೋಜನೆಯ ಮುಖ್ಯಸ್ಥನೊಬ್ಬನೇ. ಅವನಿಗೆ ಸಂಬಳ ಕೊಡುವುದು ವೇಳಾಪಟ್ಟಿ ಕಾಯಲಿಕ್ಕೆ ಮಾತ್ರ ಎಂದು ನನಗನಿಸುವುದಿಲ್ಲ. ‘ಇನ್ನೂ ಇಲ್ಲ’ ಎಂದವನನ್ನು ಸಭೆಯಲ್ಲಿ ಕೂರಿಸಿ ಕೊನೆಯವರೆಗೆ ಕೇಳುವುದು, ಮುಂದಿನ ಬಡ್ತಿಯಲ್ಲಿ ಅವನ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಅವನದೇ ಕೆಲಸ. ಅವಸರ ಹರಾಮ್ ಅಲ್ಲ. ಕೇಳಿಸಿಕೊಂಡು ಅವಸರ ಮಾಡುವುದಕ್ಕೂ ಬಾಯಿ ಮುಚ್ಚಿಸಿ ಅವಸರ ಮಾಡುವುದಕ್ಕೂ ಅಂತರವಿದೆ. ಹೆಬ್ಬಾಳದ ವೇಗದ ಹಿಂದೆಯೂ ಹದಿಮೂರು ವರ್ಷಗಳ ನಿಧಾನದ ಕೆಲಸವಿತ್ತು.

ಇನ್ನೊಂದು ಮಾತು. 2021ರ ಎರಡನೇ ಅಲೆಯಲ್ಲಿ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ, ಹಲವು ಕಂಪನಿಗಳು ಪೂರೈಸಿದ್ದ ವೆಂಟಿಲೇಟರ್‌ಗಳು ಕೆಲಸಕ್ಕೆ ಬಾರದೆ ಬಿದ್ದಿದ್ದವು. ಕೆಲವೆಡೆ ಯಂತ್ರದ ಮೇಲೆಯೇ ದೂರು. ಇನ್ನು ಕೆಲವೆಡೆ ನಡೆಸಲು ಕಲಿತವರಿರಲಿಲ್ಲ. ಲಾರಿ ಗೇಟು ದಾಟಿದ ದಿನವೇ ಯೋಜನೆ ಮುಗಿಯಿತೆಂದು ಕಂಪನಿಗಳ ಕಡತ ಹೇಳುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಯಂತ್ರದ ಅಲಾರಂ ಕೂಗಿದಾಗ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಿಲ್ಲುವ ನರ್ಸಿಗೆ ಆ ಕಡತದಲ್ಲಿ ಒಂದು ಸಾಲಾದರೂ ಇದೆಯೇ ಎಂದು ಮುಖ್ಯಸ್ಥ ಕೇಳಬಹುದು. ಕೇಳದಿದ್ದರೂ ಅವನನ್ನು ಯಾರೂ ಅಮಾನತು ಮಾಡುವುದಿಲ್ಲ.