ಬ್ರೋಚಿನ ಬೆನ್ನು

(ಬರ್ಮಿಂಗ್‌ಹ್ಯಾಮಿನ ಒಂದು ಮನೆ. ಜನ ತರುವ ಹಳೆಯ ವಸ್ತುಗಳನ್ನು ತಜ್ಞರು ಪರೀಕ್ಷಿಸಿ ಬೆಲೆ ಹೇಳುವ ಬಿಬಿಸಿಯ ‘ಆಂಟೀಕ್ಸ್ ರೋಡ್‌ಶೋ’ ಕಾರ್ಯಕ್ರಮದ ಹಳೆಯ ಕಂತೊಂದು ಈಗಷ್ಟೇ ಮುಗಿದಿದೆ. ವಸುಧಾ ಇಲ್ಲಿ ನೆಲೆಸಿ ಬಹಳ ಕಾಲವಾಗಿದೆ. ಅವಳ ತಮ್ಮ ಶ್ರೀಧರ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದವನು, ಅಕ್ಕನ ಮನೆಗೆ ಬಂದಿದ್ದಾನೆ. ಅನನ್ಯ ವಸುಧಾಳ ಮಗಳು.)

ಶ್ರೀಧರ: ಆ ಒಡವೆ ತಜ್ಞ ಜೆಫ್ರಿ ಮನ್ ಪರದೆಯ ಮೇಲೆ ಬಂದರೆ ಸಾಕು, ನೀನು ಯಾರ ಮಾತಿಗೂ ಕಿವಿಗೊಡುವುದಿಲ್ಲವಲ್ಲ ಅಕ್ಕ. ಪೀಠೋಪಕರಣ, ಗಡಿಯಾರ, ಪಿಂಗಾಣಿ ಬಂದಾಗ ಅಡುಗೆಮನೆಗೆ ಹೋಗಿ ಬರುತ್ತೀ. ಒಡವೆ ಬಂತೆಂದರೆ ಕದಲುವುದಿಲ್ಲ.

ವಸುಧಾ: ನಿಜ. ಅವರು ಮಾತಾಡುವುದನ್ನು ಕೇಳಲು ನನಗೆ ಇಷ್ಟ.

ಶ್ರೀಧರ: ನನ್ನ ಅನುಮಾನವೂ ಅಲ್ಲೇ ಇರುವುದು. ಒಪ್ಪವಾದ ಸೂಟು, ತಗ್ಗಿಸಿದ ದನಿ, ಎದುರಿಗಿರುವ ಅಜ್ಜಿಯ ಬ್ರೋಚನ್ನು ಅಂಗೈಯಲ್ಲಿಟ್ಟುಕೊಳ್ಳುವ ನಯ. ಇಷ್ಟಕ್ಕೇ ಮನಸ್ಸು ಕರಗಿಬಿಡುತ್ತದೆ. ಆ ಮನುಷ್ಯ ಹೇಳಿದ್ದು ಸರಿಯೋ ತಪ್ಪೋ ಅಳೆಯುವ ಶಕ್ತಿ ನಿನಗೂ ಇಲ್ಲ, ನನಗೂ ಇಲ್ಲ. ಹಾಗಾದರೆ ನಾವು ಮೆಚ್ಚಿದ್ದು ಜ್ಞಾನವನ್ನೋ, ಜ್ಞಾನದ ಹಾವಭಾವವನ್ನೋ? ಪ್ಲೇಟೋನ ‘ಗಾರ್ಜಿಯಸ್’ ನಾನು ವರ್ಷವರ್ಷವೂ ಪಾಠ ಮಾಡಿದ ಸಂವಾದ. ಅದರಲ್ಲಿ ಗಾರ್ಜಿಯಸ್ ಎಂಬ ಮಾತುಗಾರ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ: ತನ್ನ ಸಹೋದರ ವೈದ್ಯ, ಅವನು ಎಷ್ಟು ಹೇಳಿದರೂ ಔಷಧಿ ಕುಡಿಯದ ರೋಗಿಯನ್ನು ತಾನು ಬರೀ ಮಾತಿನಿಂದ ಒಪ್ಪಿಸಿದೆ ಎಂದು. ಸಾಕ್ರಟೀಸ್ ಪಟ್ಟು ಹಿಡಿಯುವುದು ಅಲ್ಲೇ. ತಿಳಿಯದವರ ಮುಂದೆ ತಿಳಿದವನಿಗಿಂತ ಮಾತುಬಲ್ಲವನೇ ಗೆಲ್ಲುತ್ತಾನೆ ಎಂದಾದರೆ ಮಾತುಗಾರನಿಗೆ ತಿಳಿವಿನ ಅಗತ್ಯವಾದರೂ ಏನು?

ವಸುಧಾ: ಆ ರೋಗಿಗೆ ಔಷಧಿ ಬೇಕಾಗಿತ್ತು ತಾನೇ?

ಶ್ರೀಧರ: ಬೇಕಾಗಿತ್ತು.

ವಸುಧಾ: ಔಷಧಿ ಕೊಟ್ಟವನೂ ನಿಜವಾದ ವೈದ್ಯನೇ. ಹಾಗಾದರೆ ಮಾತು ಅಲ್ಲಿ ಮಾಡಿದ್ದು ಒಳ್ಳೆಯ ಕೆಲಸ. ಕೇಡಾಗುವುದು ವೈದ್ಯನಿಲ್ಲದೆ ಮಾತುಗಾರನೊಬ್ಬನೇ ಬಂದಾಗ. ಇಲ್ಲಿ ಇಬ್ಬರೂ ಒಬ್ಬರೇ ಆಗಿದ್ದಾರೆ. ಮನ್ ಟಿವಿಗೆಂದು ತಯಾರಾದವರಲ್ಲ. ವೇಲ್ಸ್‌ನ ಬ್ಯಾಂಗರಿನಲ್ಲಿ 1865ರಲ್ಲಿ ಶುರುವಾಗಿ ಆಮೇಲೆ ಲಂಡನ್ನಿಗೆ ಬಂದ ವಾರ್ಟ್‌ಸ್ಕಿ ಎಂಬ ಅಂಗಡಿಯಲ್ಲಿ ದಶಕಗಟ್ಟಲೆ ದುಡಿದವರು. ರಷ್ಯಾದ ಕ್ರಾಂತಿಯ ನಂತರ ಸೋವಿಯತ್ ಸರ್ಕಾರದಿಂದ, ರಷ್ಯಾದ ಅರಸರ ಅಕ್ಕಸಾಲಿಗ ಫಾಬರ್ಜೆಯ ಕುಶಲಕೆಲಸದ ಮೊಟ್ಟೆಗಳನ್ನು ಕೊಂಡು ತಂದ ಮನೆತನ ಅದು. ಕಿರೀಟಗಳ ಇತಿಹಾಸದ ಮೇಲೆ ಮನ್ ದೊಡ್ಡ ಪುಸ್ತಕ ಬರೆದಿದ್ದಾರೆ. 2002ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕಿರೀಟಗಳ ಪ್ರದರ್ಶನವನ್ನು ಅಣಿಗೊಳಿಸಿದವರೂ ಅವರೇ.

ಶ್ರೀಧರ: ಇರಲಿ, ಪಂಡಿತರೆಂದು ಒಪ್ಪಿದೆ. ಪಂಡಿತರು ಬೇಕಾದಷ್ಟು ಮಂದಿ ಇದ್ದಾರೆ. ನೀನು ಅವರ ಉಪನ್ಯಾಸಗಳಿಗೆ ಹೋಗಿ ಕೂರುವುದಿಲ್ಲ. ಆಕರ್ಷಣೆ ಬೇರೆ ಎಲ್ಲೋ ಇದೆ.

ವಸುಧಾ: ಇದೆ. ಎಲ್ಲಿದೆ ಎಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ. ಅವರ ಕೈಗೆ ಬ್ರೋಚು ಬಂದಾಗ ಮೊದಲು ಏನು ಮಾಡುತ್ತಾರೆ ನೋಡಿದೆಯಾ? ಮುಂಭಾಗವನ್ನು ಮೆಚ್ಚಿ ಎರಡು ಮಾತಾಡಿ, ತಿರುಗಿಸುತ್ತಾರೆ. ಒಡವೆಯ ಬೆನ್ನು ನೋಡುತ್ತಾರೆ. ಹರಳಿನ ಹಿಂಬದಿ ಚಿನ್ನದ ತಗಡಿನಿಂದ ಮುಚ್ಚಿದೆಯೋ, ಬೆಳಕು ಹಾಯುವಂತೆ ತೆರೆದಿದೆಯೋ? ಹದಿನೆಂಟನೇ ಶತಮಾನದ ಇಂಗ್ಲಿಷ್ ಕೆಲಸದಲ್ಲಿ ಸಾಮಾನ್ಯವಾಗಿ ಹಿಂಬದಿ ಮುಚ್ಚಿರುತ್ತದೆ. ಮೇಣದಬತ್ತಿಯ ಬೆಳಕಿನಲ್ಲಿ ಹರಳು ಹೊಳೆಯಲೆಂದು ಅದರಡಿ ಬಣ್ಣದ ಹಾಳೆ ಇಡುತ್ತಿದ್ದರು. ನಮ್ಮ ಕಡೆಯ ಹಳೆಯ ಕೆಂಪಿನ ಒಡವೆಗಳಲ್ಲೂ ಹಾಗೇ ಅಲ್ಲವೇ? ಆಮೇಲೆ ಪಿನ್ನು, ಕೀಲು, ಬೆಸುಗೆ. ಪಿನ್ನು ಹೊಸದಾಗಿದ್ದರೆ ಯಾರೋ ರಿಪೇರಿ ಮಾಡಿಸಿದ್ದಾರೆ. ಬೆಸುಗೆಯಲ್ಲಿ ಸೀಸ ಕಂಡರೆ ಕಸುಬು ಬಾರದವನ ಕೈಯಲ್ಲಿ ಮಾಡಿಸಿದ್ದಾರೆ. ಕೊನೆಗೆ ಮುದ್ರೆ. ಚಿನ್ನ ಬೆಳ್ಳಿಯ ಶುದ್ಧಿ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮಿನ ಅಸ್ಸೇ ಆಫೀಸು 1773ರಿಂದ ಲಂಗರಿನ ಗುರುತು ಒತ್ತುತ್ತ ಬಂದಿದೆ. ಲಂಡನ್ನಿಗೆ ಚಿರತೆಯ ತಲೆ, ಎಡಿನ್‌ಬರೋಗೆ ಕೋಟೆ. ಪಕ್ಕದಲ್ಲೊಂದು ಅಕ್ಷರವಿದ್ದರೆ ಅದು ಮುದ್ರೆ ಬಿದ್ದ ವರ್ಷ. ಇದನ್ನೆಲ್ಲ ಅವರು ಗುಟ್ಟಾಗಿ ನೋಡಿಕೊಂಡು ತೀರ್ಪು ಕೊಡುವುದಿಲ್ಲ. ಭೂತಗನ್ನಡಿ ಹಿಡಿದು, ಒಡವೆ ತಂದವರಿಗೂ ನಮಗೂ ಕಾಣುವಂತೆ ಒಂದೊಂದನ್ನೇ ತೋರಿಸುತ್ತಾರೆ. ಉಂಗುರದಲ್ಲಿ ಮಾಣಿಕ್ಯ, ಪಚ್ಚೆ, ಗಾರ್ನೆಟ್, ಅಮೆಥಿಸ್ಟ್, ಮತ್ತೆ ಮಾಣಿಕ್ಯ, ವಜ್ರ ಇದೇ ಸಾಲಿನಲ್ಲಿದ್ದರೆ, ಆ ಹರಳುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ‘ರಿಗಾರ್ಡ್’ ಎಂದು ಓದಬೇಕು ಎನ್ನುತ್ತಾರೆ. ಇನ್ನೂರು ವರ್ಷದ ಹಿಂದೆ ಯಾರೋ ಯಾರಿಗೋ ಬಾಯಿಬಿಟ್ಟು ಹೇಳಲಾಗದೆ ಉಂಗುರದಲ್ಲಿ ಹೇಳಿಸಿದ್ದು. ಅದನ್ನು ಅಷ್ಟು ಕಾಲ ಬೆರಳಿಗೆ ಹಾಕಿಕೊಂಡಿದ್ದವಳಿಗೆ ಆ ಕ್ಷಣದವರೆಗೂ ಅದು ಗೊತ್ತಿರಲಿಲ್ಲ. ಆಗ ಅವಳ ಮುಖ ನೋಡಬೇಕು ನೀನು. ಅವಳು ಅವರನ್ನು ನೋಡುವುದಿಲ್ಲ, ಉಂಗುರವನ್ನು ನೋಡುತ್ತಾಳೆ.

ಅನನ್ಯ: ಮತ್ತೆ ಬೆಲೆ? ಕೊನೆಗೆ ಎಲ್ಲರೂ ಕಾಯುವುದು ಅದಕ್ಕೇ ತಾನೇ ಅಮ್ಮ?

ವಸುಧಾ: ಕಾಯುತ್ತಾರೆ. ಕಾಯಲಿ.

ಶ್ರೀಧರ: ಅನನ್ಯ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಅದಕ್ಕೂ ಮೊದಲು ನನ್ನದೊಂದು ಇದೆ. ಇದೇ ಕಾರ್ಯಕ್ರಮದ ಅಮೆರಿಕದ ರೂಪ 1997ರಲ್ಲಿ ಶುರುವಾಯಿತು. ಮೊದಲ ವರ್ಷವೇ ಒಬ್ಬ ಮನುಷ್ಯ ಅಂತರ್ಯುದ್ಧದ ಕಾಲದ ಕತ್ತಿ ತಂದು, ಅದು ಮನೆಯಲ್ಲಿ ಸಿಕ್ಕಿತು, ಹುಡುಗನಾಗಿದ್ದಾಗ ಅದರಿಂದ ಕಲ್ಲಂಗಡಿ ಕತ್ತರಿಸುತ್ತಿದ್ದೆ ಎಂದ. ತಜ್ಞರು ಬೆರಗಾಗಿ ದೊಡ್ಡ ಬೆಲೆ ಹೇಳಿದರು. ನೋಡಿದವರಿಗೆಲ್ಲ ಖುಷಿ. ಆಮೇಲೆ ಬಯಲಾಯಿತು, ಇಡೀ ದೃಶ್ಯ ಮೊದಲೇ ಹೊಂದಿಸಿಕೊಂಡ ನಾಟಕ. ಕಾರ್ಯಕ್ರಮದಿಂದ ಬಂದ ಹೆಸರಿನ ಬಲದಿಂದ ರಸ್ ಪ್ರಿಚರ್ಡ್, ಜಾರ್ಜ್ ಜುನೊ ಎಂಬ ಆ ಇಬ್ಬರು ತಜ್ಞರು ಸೇನಾನಿಗಳ ವಂಶಸ್ಥರ ನಂಬಿಕೆ ಗಳಿಸಿ, ಅವರ ಮನೆಯ ವಸ್ತುಗಳನ್ನು ಅಗ್ಗಕ್ಕೆ ಕೊಂಡು ಎಷ್ಟೋ ಪಟ್ಟು ಬೆಲೆಗೆ ಮಾರಿದ್ದರು. ಪ್ರಿಚರ್ಡ್ ತಪ್ಪೊಪ್ಪಿಕೊಂಡು 2002ರಲ್ಲಿ ಜೈಲು ಶಿಕ್ಷೆಗೆ ಗುರಿಯಾದ. ಆ ಮನುಷ್ಯನಿಗೆ ಜ್ಞಾನವೂ ಇತ್ತು, ಮಾತಿನ ಸೊಗಸೂ ಇತ್ತು. ನಿನ್ನ ಲೆಕ್ಕದಲ್ಲಿ ವೈದ್ಯನೂ ಮಾತುಗಾರನೂ ಒಬ್ಬನೇ. ಆದರೂ ರೋಗಿ ಸತ್ತ.

ವಸುಧಾ: ಇದು ನಿಜಕ್ಕೂ ಗಟ್ಟಿ ಪ್ರಶ್ನೆ. ಉತ್ತರ ನಮ್ಮೂರಿನಿಂದಲೇ ಸಿಗುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ‘ಅರ್ಥಶಾಸ್ತ್ರ’ವನ್ನು ನೀನೂ ಓದಿದ್ದೀಯ. ಅದರ ಎರಡನೇ ಅಧಿಕರಣದಲ್ಲಿ ರತ್ನಪರೀಕ್ಷೆಗೆ ಒಂದು ಅಧ್ಯಾಯ, ಅಕ್ಕಸಾಲಿಗರ ಕೆಲಸಕ್ಕೆ ಇನ್ನೊಂದು. ಚಿನ್ನ ಕದಿಯುವ ಐದು ದಾರಿಗಳನ್ನು ಕೌಟಿಲ್ಯ ಹೇಳುತ್ತಾನೆ. ತಕ್ಕಡಿಯ ಮೋಸ, ಬದಲಾಯಿಸುವುದು, ಕರಗಿಸುವಾಗ ಕದಿಯುವುದು ಹೀಗೆ. ನನಗೆ ಮುಖ್ಯವಾದದ್ದು ಅದಾದ ಮೇಲಿನ ಪಟ್ಟಿ. ಕೆಲಸ ಮಾಡುವಾಗ ಕುಶಲಿಗನ ಯಾವ ಚಲನೆ ನೋಡಿದರೆ ಮೋಸವೆಂದು ತಿಳಿಯಬೇಕು ಎಂಬ ಪಟ್ಟಿ. ಅದರಲ್ಲಿ ನೊಣ ಓಡಿಸುವುದಿದೆ, ತನ್ನ ಮೈಯನ್ನು ತಾನೇ ನೋಡಿಕೊಳ್ಳುವುದಿದೆ. ಏನು ಅದರರ್ಥ? ನಿನ್ನ ಕಣ್ಣನ್ನು ಒಡವೆಯಿಂದ ತನ್ನ ಕಡೆಗೆ ಸೆಳೆಯುವವನು ಕಳ್ಳ. ಅಂಗಡಿಯವನ ನಗು, ಉಪಚಾರ, ಬಾದಾಮಿ ಹಾಲು, ಇವುಗಳ ನಡುವೆ ತಕ್ಕಡಿ ಎಲ್ಲಿದೆ ಎಂದೇ ಮರೆತುಹೋದರೆ ಅದು ಒಂದು ಬಗೆಯ ಮೋಡಿ. ನಿನ್ನ ಕಣ್ಣನ್ನು ಹಿಡಿದು ಒಡವೆಯ ಬೆನ್ನಿಗೆ, ಬೆಸುಗೆಗೆ, ಮುದ್ರೆಗೆ ನೆಡುವುದು ಇನ್ನೊಂದು ಬಗೆಯದು. ಕತ್ತಿಯ ನಾಟಕದಲ್ಲಿ ಜನರ ಮನಸ್ಸು ಗೆದ್ದದ್ದು ಕಲ್ಲಂಗಡಿಯ ಕಥೆ. ಕತ್ತಿಯ ಯಾವ ಗುರುತೂ ಅದರ ಮುಂದೆ ಯಾರಿಗೂ ನೆನಪಾಗಲಿಲ್ಲ.

ಶ್ರೀಧರ: ಒಪ್ಪಿದೆ.

ವಸುಧಾ: ಇಷ್ಟು ಬೇಗ ಒಪ್ಪಬೇಡ.

ಶ್ರೀಧರ: ಇಲ್ಲ, ಒಪ್ಪಿಯೇ ಮುಂದಕ್ಕೆ ಹೋಗುತ್ತೇನೆ. ಒಡವೆಯ ಕಡೆಗೇ ಕಣ್ಣು ಸೆಳೆಯುವ ಸಜ್ಜನನೂ ಒಂದನ್ನು ಮರೆಸಬಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಚಿನ್ನದ ಹುಲಿತಲೆಯೊಂದನ್ನು ಹೊರದೇಶಕ್ಕೆ ಒಯ್ಯಕೂಡದೆಂದು 2021ರಲ್ಲಿ ಇಲ್ಲಿನ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. ಬೆಲೆ 15 ಲಕ್ಷ ಪೌಂಡ್. ರಾಮನ ಹೆಸರು ಕೆತ್ತಿದ್ದ ಟಿಪ್ಪುವಿನ ಉಂಗುರ 2014ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1,45,000 ಪೌಂಡಿಗೆ ಹೋಯಿತು. ಇಂಥದ್ದೊಂದು ನಾಳೆ ಆ ಮೇಜಿನ ಮೇಲೆ ಬಂದರೆ, ‘ನಿಮ್ಮ ಮುತ್ತಜ್ಜ ಭಾರತದಿಂದ ತಂದದ್ದು’ ಎಂದು ಮಧುರವಾಗಿ ಹೇಳಿದರೆ, ಲೂಟಿ ಎನ್ನುವುದೇ ಒಂದು ಮನೆಯ ನೆನಪಾಗಿಬಿಡುತ್ತದೆ. ಆ ಹುಲಿತಲೆ ಯಾರದು ಹೇಳು?

ವಸುಧಾ: ಮೈಸೂರಿನದು. ಅದರಲ್ಲಿ ನನಗೆ ಸಂಶಯವಿಲ್ಲ. ಅದು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವುದಕ್ಕಿಂತ ಅಲ್ಲಿರುವುದೇ ನ್ಯಾಯ. ಯಾವ ಕಾನೂನಿನಿಂದ, ಯಾರ ಕೈಗೆ, ಅರಮನೆಗೋ ಮ್ಯೂಸಿಯಮ್ಮಿಗೋ ಎಂದು ಹೊರಟರೆ—

ಅನನ್ಯ: ಅಮ್ಮ, ನೀವಿಬ್ಬರೂ ಬೆಳಗಿನವರೆಗೂ ಇದನ್ನೇ ಮಾತಾಡುತ್ತೀರಿ. ಮಾವ ಕೇಳಿದ್ದು ಅದಲ್ಲ. ನಯವಾದ ಮಾತು ಲೂಟಿಯನ್ನು ಮುಚ್ಚುತ್ತದೆಯೋ ಇಲ್ಲವೋ?

ವಸುಧಾ: ಮುಚ್ಚಬಲ್ಲದು. ಅಲ್ಲಿ ತಜ್ಞನ ಕರ್ತವ್ಯ ಇನ್ನೂ ಹೆಚ್ಚಿನದು. ಎಲ್ಲಿಂದ ಬಂತು ಎನ್ನುವಾಗ ಹೇಗೆ ಬಂತು ಎಂಬುದನ್ನೂ ಹೇಳಬೇಕು. ಹೇಳದವರು ಸಜ್ಜನರಾದರೂ ಅರ್ಧ ಪಾಠ ಮಾಡಿದ ಹಾಗೆ. ಇದಕ್ಕೆ ನನ್ನ ಬಳಿ ಬೇರೆ ಸಮಾಧಾನವಿಲ್ಲ, ಶ್ರೀಧರ.

ಶ್ರೀಧರ: ನಿನ್ನ ವಾದದಲ್ಲಿ ಅದೊಂದು ಬಿರುಕು ಉಳಿಯಿತು.

ವಸುಧಾ: ಉಳಿಯಲಿ. ಈಗ ಅನನ್ಯಳ ಬೆಲೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಡಡ್ಲಿಯ ಬ್ಲ್ಯಾಕ್ ಕಂಟ್ರಿ ಮ್ಯೂಸಿಯಮ್ಮಿನಲ್ಲಿ ನಡೆದ ಚಿತ್ರೀಕರಣಕ್ಕೆ ಒಂದು ಸೇನಾ ರೆಜಿಮೆಂಟಿನವರು ಫಾಬರ್ಜೆಯ ಒಂದು ಹೂವನ್ನು ತಂದಿದ್ದರು. ಬೋಯರ್ ಯುದ್ಧದಿಂದ ಮರಳಿದ್ದ ಆ ರೆಜಿಮೆಂಟಿಗೆ ಡಡ್ಲಿಯ ಕೌಂಟೆಸ್ 1904ರಲ್ಲಿ ಕೊಟ್ಟದ್ದು. ಸ್ಫಟಿಕದ ಪಾತ್ರೆಯಲ್ಲಿ ಪೇರ್ ಮರದ ಹೂಗೊಂಚಲು. ಮನ್ 10 ಲಕ್ಷ ಪೌಂಡ್ ಎಂದರು. ಈಗ ಯೋಚಿಸು, ಅದರಲ್ಲಿ ಎಷ್ಟು ಚಿನ್ನವಿದ್ದೀತು? ಕರಗಿಸಿ ತೂಗಿದರೆ ಆ ಬೆಲೆಯ ಸಣ್ಣ ಪಾಲೂ ಬಾರದು. ಆ ಬೆಲೆ ಪೂರ್ತಿ ಕೈಗೆಲಸದ್ದು, ಕಣ್ಣಿನದು, ಮೊದಲು ಕೊಟ್ಟವರು, ಪಡೆದವರು, ಕಾಪಾಡಿದವರದ್ದು. ಬೆಲೆ ಕೇಳಿದ ಕ್ಷಣದಲ್ಲಿ ನೋಡುವವರಿಗೆ ಅರ್ಥವಾಗುವುದು ಇದು. ಅಕ್ಕಸಾಲಿಗನ ಬೆರಳಿಗೂ ಬೆಲೆಯಿದೆ ಎಂಬುದು.

ಅನನ್ಯ: ಗಾಜಿನ ಹರಳು ತಂದವರಿಗೆ?

ವಸುಧಾ: ಅವರಿಗೂ ಅಷ್ಟೇ ಹೊತ್ತು ಕೊಡುತ್ತಾರೆ. ಇದು ಗಾಜು, ಆದರೆ ಹದಿನೆಂಟನೇ ಶತಮಾನದಲ್ಲಿ ಇಷ್ಟು ಚೆನ್ನಾಗಿ ಗಾಜು ಕಡೆಯುವವರಿದ್ದರು ಎನ್ನುತ್ತಾರೆ. ಅವರ ದೊಡ್ಡ ಗುಣ ನನಗೆ ಕಾಣುವುದು ಅಲ್ಲೇ. ಇನ್ನೊಂದು ಸಂಗತಿ ಇದೆ. ಕಾರ್ಡಿಫ್ ಕೋಟೆಯನ್ನು ಅಲಂಕರಿಸಿದ ವಿಲಿಯಂ ಬರ್ಜಸ್ ಎಂಬ ವಾಸ್ತುಶಿಲ್ಪಿ ಬಿಡಿಸಿದ ಬ್ರೋಚುಗಳ ರೇಖಾಚಿತ್ರಗಳನ್ನು ಮನ್ ಒಮ್ಮೆ ಟಿವಿಯಲ್ಲಿ ತೋರಿಸಿದರು. ಈ ಒಡವೆಗಳು ಎಲ್ಲೋ ಕಳೆದುಹೋಗಿವೆ, ನಿಮ್ಮ ಮನೆಯಲ್ಲಿದ್ದರೆ ನೋಡಿ ಎಂದರು. ವರ್ಷಗಳಾದ ಮೇಲೆ ಒಬ್ಬಾಕೆ ತನ್ನಲ್ಲಿರುವುದು ಅದೇ ಎಂದು ಕಂಡುಕೊಂಡಳು. 2011ರಲ್ಲಿ ಅದು 31,000 ಪೌಂಡಿಗೆ ಹೋಯಿತು. 1988ರಲ್ಲಿ ಸಂತೆಯಲ್ಲಿ 20 ಪೌಂಡ್ ಕೊಟ್ಟು ಕೊಂಡಿದ್ದ ಇನ್ನೊಬ್ಬಾಕೆ ಆ ಹಳೆಯ ತುಣುಕನ್ನು ಅಂತರ್ಜಾಲದಲ್ಲಿ ನೋಡಿ ತನ್ನ ಬ್ರೋಚನ್ನು ಗುರುತಿಸಿದಳು. ಅದು 2024ರಲ್ಲಿ ಸಾವಿರಾರು ಪೌಂಡಿಗೆ ಹರಾಜಾಯಿತು. ಅವರು ಈ ಒಡವೆಗಳನ್ನು ಹುಡುಕಲಿಲ್ಲ, ಹುಡುಕುವ ಕಣ್ಣನ್ನು ಅಪರಿಚಿತರಿಗೆ ಕೊಟ್ಟರು. ಗಾರ್ಜಿಯಸ್ ಹಾಗೆ ಮಾಡುತ್ತಿದ್ದನೇ?

ಶ್ರೀಧರ: ಇಲ್ಲ. ಅವನ ರೋಗಿ ಔಷಧಿ ಕುಡಿದ ಮೇಲೂ ವೈದ್ಯವಿದ್ಯೆಯಲ್ಲಿ ಮೊದಲಿನಷ್ಟೇ ಅಜ್ಞಾನಿ. (ಸ್ವಲ್ಪ ಹೊತ್ತು ಸುಮ್ಮನಿದ್ದು) ನಮ್ಮಲ್ಲಿ ಮಾತ್ರ ಎಲ್ಲವೂ ಗ್ರಾಮಿನ ಲೆಕ್ಕ. ಹಳೆಯದನ್ನು ಕೊಟ್ಟರೆ ತೂಗಿ, ಕಲ್ಲು ಅರಗು ಕಳೆದು, ಹೊಸದಕ್ಕೆ ವೇಸ್ಟೇಜು, ಮೇಕಿಂಗ್ ಚಾರ್ಜು ಸೇರಿಸುತ್ತಾರೆ. ಹಳೆಯದನ್ನು ಮಾಡಿದವನ ಕೂಲಿಗೆ ಅಲ್ಲಿ ಬೆಲೆಯೇ ಇಲ್ಲ. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಅದು ಒಳ್ಳೆಯದೇ, ಶುದ್ಧಿಗೆ ಖಾತರಿ. ಆದರೆ ಅಜ್ಜಿಯ ಅಡ್ಡಿಕೆ ಮಾಡಿದವರು ಯಾರು ಎಂದು ಯಾವ ಮುದ್ರೆಯೂ ಹೇಳುವುದಿಲ್ಲ. ಅದನ್ನು ಕೊಟ್ಟು ಹಗುರವಾದ ನೆಕ್ಲೇಸು ಮಾಡಿಸೋಣ ಎಂದು ಮನೆಯಲ್ಲಿ ಮಾತು ನಡೆದಿದೆ.

ಅನನ್ಯ: ಅಜ್ಜಿಯ ಅಡ್ಡಿಕೆ ಕರಗಿಸುತ್ತೀರಾ ಮಾವ?

ವಸುಧಾ: ಕರಗಿಸಬೇಡ ಎಂದು ಅಪ್ಪಣೆ ಮಾಡಲು ನಾನ್ಯಾರು? ಒಂದು ಕೇಳಿಕೊಳ್ಳುತ್ತೇನೆ ಅಷ್ಟೇ. ಕೊಡುವ ಮೊದಲು ಹಗಲು ಬೆಳಕಿನಲ್ಲಿ ಅದನ್ನು ತಿರುಗಿಸಿ ಬೆನ್ನಿನ ಕಡೆಯೂ ಫೋಟೋ ತೆಗೆದಿಡು. ಪೇಟೆಯಲ್ಲಿ ಕೈಗೆಲಸ ಬಲ್ಲ ಹಳೆಯ ಆಚಾರಿಗಳು ಯಾರಾದರೂ ಉಳಿದಿದ್ದರೆ ಅವರಿಗೆ ತೋರಿಸಿ, ಇದು ಎಲ್ಲಿಯ ಕೆಲಸ, ಹೇಗೆ ಮಾಡಿದ್ದು ಎಂದು ಕೇಳು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ನನಗೆ ಕಳುಹಿಸು. ನಿರ್ಧಾರ ಆಮೇಲೆ ಮಾಡೋಣ.