ಬಾಡಿಗೆದಾರನಿರುವ ಮಳಿಗೆಯನ್ನು ಕೊಂಡಾಗ



ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಜುಮಾ ನಮಾಝಿನ ಬಳಿಕ ನನ್ನ ಬಳಿ ಕುಳಿತು ಕೇಳಿದರು: "ಮೌಲಾನಾ, ಬಜಾರದಾಗ ಒಂದು ಮಳಿಗಿ ಖರೀದಿ ಮಾಡಾಕತ್ತೀನಿ. ಒಳಗ ಬಾಡಿಗಿಯವ ಅದಾನ. ರೊಕ್ಕ ನಂದು, ಮಳಿಗಿ ನಂದು. ಖರೀದಿಯಾದ ಮರುದಿನ ಬೀಗ ಹಾಕಿದ್ರ ತಪ್ಪೇನ್ರೀ?"

ಸ್ವಂತ ವ್ಯಾಪಾರಕ್ಕಾಗಿ ಮಳಿಗೆ ಕೊಳ್ಳುವುದು ಹಲಾಲ್. ಅದರಲ್ಲಿ ಸಂಶಯವಿಲ್ಲ. ಆದರೆ ಹಿಂದಿನ ಮಾಲಿಕರು ಬಾಡಿಗೆದಾರನಿಗೆ ಒಂದು ಮಾತು ಕೊಟ್ಟಿದ್ದಾರೆ. ಕೊಳ್ಳುವವನು ಗೋಡೆ ಛಾವಣಿಗಳ ಜೊತೆಗೆ ಆ ಮಾತನ್ನೂ ಕೊಳ್ಳುತ್ತಾನೆ. ಕರಾರುಗಳನ್ನು ಪೂರೈಸಬೇಕೆಂದು ಅಲ್ಲಾಹನು ಸೂರಃ ಅಲ್ ಮಾಇದಃದ ಮೊದಲ ಸೂಕ್ತದಲ್ಲೇ ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದ್ದಾನೆ. ಬಾಡಿಗೆಯಲ್ಲಿರುವ ಸೊತ್ತು ಮಾರಾಟವಾದರೂ ಅವಧಿ ಮುಗಿಯುವವರೆಗೆ ಬಾಡಿಗೆದಾರನ ಹಕ್ಕಿಗೆ ಭಂಗವಿಲ್ಲವೆಂದು ಹನಫೀ ವಿದ್ವಾಂಸರು ಹೇಳುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆಯೂ ಕೊಂಡವನು ಮಾರಿದವನ ಸ್ಥಾನದಲ್ಲಿ ನಿಲ್ಲುತ್ತಾನೆ.

ಆದ್ದರಿಂದ ಸಂಚಕಾರ ಕೊಡುವ ಮೊದಲೇ ವಿಚಾರಿಸಿರಿ. ಕರಾರು ಎಂದಿಗೆ ಮುಗಿಯುತ್ತದೆ? ಬಾಡಿಗೆದಾರನ ಠೇವಣಿ ಎಷ್ಟಿದೆ? ಅದನ್ನು ಯಾರು ಮರಳಿಸಬೇಕು? ಎಲ್ಲವನ್ನೂ ಖರೀದಿ ಪತ್ರದಲ್ಲಿ ಬರೆಸಿರಿ. ಇದನ್ನು ಮುಚ್ಚಿಟ್ಟು ಮಾರುವವನು ಸರಕಿನ ದೋಷವನ್ನು ಮುಚ್ಚಿಟ್ಟವನಂತೆಯೇ ಅಪರಾಧಿ.

ಇನ್ನು ತೆರವಿನ ಮಾತು. ತಿಂಗಳ ಬಾಡಿಗೆಯಾಗಿದ್ದು ಬೇರೆ ಕರಾರು ಇಲ್ಲದಿದ್ದರೆ 15 ದಿನಗಳ ಲಿಖಿತ ನೋಟಿಸು ಕೊಡಬೇಕೆಂದು ಕಾಯ್ದೆ ಹೇಳುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯವಾಗುವ ಊರುಗಳಲ್ಲಿ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳಿಗೆ ಹೆಚ್ಚಿನ ರಕ್ಷಣೆಯಿದೆ. ಅಲ್ಲಿ ಸ್ವಂತ ಅಗತ್ಯವನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. "ನನ್ನ ವ್ಯಾಪಾರಕ್ಕೆ ಬೇಕು" ಎಂದು ಹೇಳಿ ಬಿಡಿಸಿಕೊಂಡು, ಬಳಿಕ ಹೆಚ್ಚು ಬಾಡಿಗೆಗೆ ಇನ್ನೊಬ್ಬನಿಗೆ ಕೊಟ್ಟರೆ ಏನಾಯಿತು? ಅದು ಸುಳ್ಳು ಸಾಕ್ಷ್ಯ. ಪ್ರವಾದಿವರ್ಯರು(ಸ) ಅದನ್ನು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಲೈಟು ಕಡಿಸುವುದು, ಸಾಮಾನು ಬೀದಿಗೆ ಹಾಕಿಸುವುದು, ರಾತ್ರಿ ಬೀಗ ಜಡಿಯುವುದು ಅಕ್ರಮವೇ ಹೊರತು ಹಕ್ಕಲ್ಲ.

ಹದಿನೈದು ದಿನ ಎಂಬುದು ಕಾನೂನಿನ ಗಡಿ, ಇಹ್ಸಾನಿನ ಗಡಿಯಲ್ಲ. ಕುಳಿತ ಜಾಗ ಬಿಟ್ಟು ಏಳುವ ಸಂಕಟವನ್ನು ಬಾಗಲಕೋಟೆಯವರಿಗೆ ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಊರಿನ ಅಂಗಡಿ ಬಿಟ್ಟು ನವನಗರಕ್ಕೆ ಹೋದವರು ಗಿರಾಕಿಗಳನ್ನು ಮತ್ತೆ ಕೂಡಿಸಲು ಪಟ್ಟ ಪಾಡು ಅವರಿಗೆ ಗೊತ್ತು. ಕೊಳ್ಳುವಾಗ, ಮಾರುವಾಗ, ತನ್ನ ಹಕ್ಕನ್ನು ಕೇಳುವಾಗ ಮೃದುವಾಗಿರುವವನಿಗೆ ಅಲ್ಲಾಹನ ಕರುಣೆಯಿರಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ.

ಬಾಡಿಗೆದಾರ ಸಹೋದರರೂ ಕೇಳಿರಿ. ಅವಧಿ ಮುಗಿದಿದೆ, ಮಾಲಿಕ ಸಮಯವನ್ನೂ ಕೊಟ್ಟಿದ್ದಾನೆ. ಆದರೂ ಹಳೆಯ ಕಡಿಮೆ ಬಾಡಿಗೆಯ ಆಸೆಗೆ ಕುಳಿತೇ ಇದ್ದು, "ಪಗಡಿ ಕೊಟ್ಟರೆ ಬಿಡುತ್ತೇನೆ" ಎನ್ನುವುದು ಹಲಾಲ್ ಸಂಪಾದನೆಯೇ? 1988ರಲ್ಲಿ ಜಿದ್ದಾದಲ್ಲಿ ಸೇರಿದ ಇಸ್ಲಾಮೀ ಫಿಕ್ಹ್ ಅಕಾಡೆಮಿ ಇದನ್ನು ಸ್ಪಷ್ಟಪಡಿಸಿದೆ. ಅವಧಿ ಉಳಿದಿರುವಾಗ ಇಬ್ಬರ ಒಪ್ಪಿಗೆಯಿಂದ ಹಣ ಪಡೆದು ಜಾಗ ಬಿಡಬಹುದು. ಅವಧಿ ಮುಗಿದು ಕರಾರು ನವೀಕರಣವಾಗದಿದ್ದರೆ ಅಂತಹ ಹಣ ಕೂಡದು. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಹಿಡಿದವನಿಗೆ ಪರಲೋಕದಲ್ಲಿ ಏನು ಕಾದಿದೆ ಎಂಬ ಹದೀಸನ್ನು ಮಾಲಿಕನೂ ಬಾಡಿಗೆದಾರನೂ ಮರೆಯಬಾರದು.

ಬಾಡಿಗೆದಾರ ಯಾವ ಧರ್ಮದವನೆಂದು ಶರೀಅತ್ ಕೇಳುವುದಿಲ್ಲ. ಬಾದಾಮಿಯ ಚಹಾದಂಗಡಿಯವನಿರಲಿ, ಹುನಗುಂದದ ಕಿರಾಣಿಯವನಿರಲಿ, ಕೊಟ್ಟ ಮಾತು ಮಾತೇ.

ಇಳಕಲ್ಲಿನ ಆ ವ್ಯಾಪಾರಿ ಬಾಡಿಗೆದಾರನನ್ನು ಕಂಡು ಮಾತಾಡಿದರು. ದೀಪಾವಳಿಯ ವ್ಯಾಪಾರ ಮುಗಿಯಲೆಂದು ಅವನು ಕೇಳಿಕೊಂಡ. ಇವರು ಒಪ್ಪಿದರು. ಹಬ್ಬದ ಮರುವಾರ ಅವನೇ ಬಂದು ಕೀಲಿ ಕೊಟ್ಟುಹೋದ. ಅಂತಹ ಮಳಿಗೆಯಲ್ಲಿ ಅಲ್ಲಾಹನು ಬರಕತ್ ಇಡಲಿ, ನಮ್ಮೆಲ್ಲರ ಗಳಿಕೆಯನ್ನು ಅನ್ಯರ ನಿಟ್ಟುಸಿರಿನಿಂದ ಕಾಪಾಡಲಿ. ಆಮೀನ್.