ಅಳಿಸಿದ ನಮೂದು

ಕಿರ್ದಿಯಲ್ಲಿ ತಪ್ಪು ಬರೆದರೆ ಗೆರೆಯೆಳೆದು ಪಕ್ಕದಲ್ಲಿ ಸಹಿ ಹಾಕಬೇಕೆಂಬುದು ನಮ್ಮ ತೀರ್ಥರೂಪರ ಕಟ್ಟಳೆ. ಅಂಗಡಿಗೆ ಗಣಕಯಂತ್ರ ಬಂದಾಗ, ಅಳಿಸಿದ ನಮೂದು ಎಲ್ಲಿಗೆ ಹೋಗುವುದೆಂಬ ಕುತೂಹಲ ನನ್ನನ್ನು ಕಾಡಿತು. ಒಂದು ಸಂಜೆ ಬಾಕಿಯಿದ್ದ ಬಿಲ್ಲೊಂದರ ದಿನಾಂಕವನ್ನು ತಿಂಗಳು ಹಿಂದಕ್ಕೆ ತಿದ್ದಿ ನೋಡಿದೆ. ಕಲೆಯೂ ಉಳಿಯಲಿಲ್ಲ, ಬಡ್ಡಿ ಮಾತ್ರ ಏರಿತು. ಪರೀಕ್ಷೆಗೆಂದು ತಿದ್ದಿದ್ದನ್ನು ಮೂರು ದಿನ ಹಾಗೆಯೇ ಬಿಟ್ಟೆನೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಬರೆದದ್ದು ಯಂತ್ರವಾದರೂ ಬೆರಳು ನನ್ನದೇ ಅಲ್ಲವೆ?

ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮಂಥ ಪಾಲುದಾರಿಕೆಯ ಅಂಗಡಿಗೆ ಅದು ಅನ್ವಯಿಸದು; ನಮ್ಮ ಕಾವಲು ನಾವೇ.

ನಾಲ್ಕನೆಯ ದಿನ ಬಾಕಿದಾರರನ್ನು ಕರೆಸಿ ಎರಡೂ ದಿನಾಂಕಗಳನ್ನು ತಿಳಿಸಿದೆ. ಅವರು, "ಇಷ್ಟಕ್ಕೇ ಕರೆಸಿದಿರಾ, ಸಾಹುಕಾರರೇ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.